ಸಹಾಯ ಬೇಕು: ಟೇಬಲ್‌ಗೆ ಒಂದೇ ಲಿಸನರ್, ಬ್ಲರ್ ಮಾತ್ರ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಣ್ಣ ಲೆಕ್ಕದ ವೆಬ್ ಪುಟ ಮಾಡುತ್ತಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದು ಸಾಲು. ಸಾಲಿನಲ್ಲಿ ತೂಕ ಬರೆಯುವ ಬಾಕ್ಸ್, ಪಕ್ಕದಲ್ಲಿ ಅಳಿಸುವ ಬಟನ್.

ಮೊದಲು ಕ್ವೆರಿಸೆಲೆಕ್ಟರ್‌ಆಲ್‌ನಿಂದ ಬಟನ್‌ಗಳನ್ನೆಲ್ಲ ಹಿಡಿದು, ಫಾರ್‌ಈಚ್‌ನಲ್ಲಿ ಒಂದೊಂದಕ್ಕೂ ಆಡ್‌ಈವೆಂಟ್‌ಲಿಸನರ್‌ನಿಂದ ಲಿಸನರ್ (ಒತ್ತುವಂಥ ಈವೆಂಟ್ ಆದಾಗ ಓಡುವ ಕೋಡ್) ಹಾಕಿದ್ದೆ. ಆಮೇಲೆ ಸೇರಿಸಿದ ಸಾಲುಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆ ಪಟ್ಟಿಗೆ ಸಿಗುವುದು ಆ ಹೊತ್ತಿಗೆ ಪುಟದಲ್ಲಿ ಇದ್ದದ್ದಷ್ಟೇ ಅಲ್ವಾ. ಹಾಗಾಗಿ ಈಗ ಇಡೀ ಟೇಬಲ್‌ಗೆ ಒಂದೇ ಲಿಸನರ್ ಹಾಕಿ, ಈವೆಂಟ್ ಟಾರ್ಗೆಟ್ (ಒತ್ತಿದ ಎಲಿಮೆಂಟ್) ಮೇಲೆ ಕ್ಲೋಸೆಸ್ಟ್ (ಅಲ್ಲಿಂದ ಹೊರಗಿನ ಎಲಿಮೆಂಟ್‌ಗಳತ್ತ ಹುಡುಕುವ ಮೆಥಡ್) ಬಳಸಿ ಯಾವ ಬಟನ್ ಎಂದು ನೋಡುತ್ತೇನೆ. ಬಟನ್ ಒಳಗಿನ ಐಕಾನ್ ಮೇಲೆ ಒತ್ತಿದರೂ ಸರಿಯಾಗಿ ಕೆಲಸ ಮಾಡುತ್ತದೆ.

ತಲೆನೋವು ತೂಕದ ಬಾಕ್ಸ್‌ನದು. ತೂಕ ಬರೆದು ಹೊರಗೆ ಬಂದ ಕೂಡಲೇ ಮೊತ್ತ ಬದಲಾಗಬೇಕು. ಟೇಬಲ್‌ಗೆ ಬ್ಲರ್ (ಬಾಕ್ಸ್‌ನಿಂದ ಹೊರಗೆ ಬಂದಾಗ ಆಗುವ ಈವೆಂಟ್) ಹಾಕಿದರೆ ಏನೂ ಬರುವುದಿಲ್ಲ, ಏಕೆಂದರೆ ಬ್ಲರ್ ಬಬಲ್ ಆಗುವುದಿಲ್ಲ, ಅಂದರೆ ಬಾಕ್ಸ್‌ನಿಂದ ಹೊರಗಿನ ಟೇಬಲ್‌ವರೆಗೆ ಏರುವುದಿಲ್ಲ. ಬಬಲ್ ಆಗುವ ಫೋಕಸ್‌ಔಟ್ ಬಳಸಲೋ, ಆಡ್‌ಈವೆಂಟ್‌ಲಿಸನರ್‌ನ ಮೂರನೇ ಆರ್ಗ್ಯುಮೆಂಟ್‌ಗೆ ಟ್ರೂ ಕೊಟ್ಟು ಕ್ಯಾಪ್ಚರ್‌ನಲ್ಲೇ (ಈವೆಂಟ್ ಮೇಲಿನಿಂದ ಬಾಕ್ಸ್‌ಗೆ ಇಳಿಯುವಾಗಲೇ) ಹಿಡಿಯಲೋ, ಅಥವಾ ಸುಮ್ನೆ ಚೇಂಜ್ (ಬರೆದದ್ದು ಬದಲಾದಾಗಿನ ಈವೆಂಟ್) ಸಾಕೋ? ನೋಡುವವರು ಜಾಸ್ತಿ ಮೊಬೈಲ್‌ನಲ್ಲೇ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಜೆಕ್ವೆರಿ ಲೈಬ್ರರಿ ಮಾತ್ರ ಬೇಡ, ಇಷ್ಟು ಸಣ್ಣ ಪುಟಕ್ಕೆ ಅದು ಭಾರ.