ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೈ ಬಾವು: ಫೋನ್ ಆ್ಯಪ್ ನೋಡಿ ವ್ಯಾಯಾಮ ಮಾಡಿಸಬಹುದಾ?

ಬದಿಯಡ್ಕದವ
ನಮಸ್ಕಾರ. ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಕಂಕುಳಿನ ಲಿಂಫ್ ನೋಡ್ ಅನ್ನುವ ಸಣ್ಣ ಗ್ರಂಥಿಗಳನ್ನು ತೆಗೆದು, ರೇಡಿಯೇಶನ್ ಕೂಡ ಮುಗಿದಿದೆ. ಈಗ ಎಡಗೈ ಊದಿಕೊಂಡಿದೆ. ಬಳೆ ಏರುವುದಿಲ್ಲ, ರವಿಕೆಯ ತೋಳು ಬಿಗಿ. ಡಾಕ್ಟರು ನೋಡಿ ಲಿಂಫೆಡೀಮಾ, ಅಂದರೆ ಲಿಂಫ್ ಅನ್ನುವ ದ್ರವ ಸರಿಯಾಗಿ ಹರಿಯದೆ ನಿಂತು ಬರುವ ಬಾವು ಅಂದರು, ಬೇರೇನೂ ಹೆದರಿಕೆ ಇಲ್ಲ ಅಂತಲೂ ಹೇಳಿದರು. ಮಂಗಳೂರಿನ ಫಿಸಿಯೋ ಒಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ಫೋನ್ ಎದುರಿಗೆ ಇಟ್ಟು ಕೂತರೆ ಅದು ವ್ಯಾಯಾಮ ತೋರಿಸುತ್ತದೆ, ಕ್ಯಾಮೆರಾದಲ್ಲಿ ನೋಡಿ ಸರಿ ತಪ್ಪು ಹೇಳುತ್ತದೆ. ಮನೆಗೆ ಬಂದವರೆಲ್ಲ "ಆ ಕೈಯಲ್ಲಿ ಒಂದು ಚೆಂಬು ಕೂಡ ಎತ್ತಬೇಡ" ಅನ್ನುತ್ತಾರೆ. ಅಮ್ಮನಿಗೂ ಈಗ ಹೆದರಿಕೆ. ವ್ಯಾಯಾಮದಿಂದ ಬಾವು ಜಾಸ್ತಿ ಆಗುತ್ತದಾ? ಆ್ಯಪ್ ನಂಬಬಹುದಾ?

ಮಂಜೇಶ್ವರ ಫಿಸಿಯೋ
ಚೆಂಬು ಎತ್ತಬೇಡ ಅನ್ನುವುದು ಹಳೆಯ ಮಾತು. ಮೊದಲು ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು, ಹಾಗಾಗಿ ಜನರನ್ನು ದೂರಿ ಪ್ರಯೋಜನ ಇಲ್ಲ. 2009ರಲ್ಲಿ ಅಮೆರಿಕದಲ್ಲಿ ಕೈ ಬಾವು ಇದ್ದ 141 ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಕೆಲವರಿಗೆ ವಾರಕ್ಕೆ ಎರಡು ಸಲ, ತೀರಾ ಕಡಿಮೆ ಭಾರದಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾ ಭಾರ ಎತ್ತಿಸಿದರು. ಬಾವು ಜಾಸ್ತಿ ಆಗಲಿಲ್ಲ. ಇದ್ದಕ್ಕಿದ್ದ ಹಾಗೆ ಕೆರಳುವುದು ಅವರಲ್ಲೇ ಕಡಿಮೆ ಇತ್ತು. ಆದರೆ ಅವರೆಲ್ಲ ಅಳತೆಗೆ ಮಾಡಿಸಿದ ಕಂಪ್ರೆಶನ್ ಸ್ಲೀವ್ (ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳು) ಹಾಕಿಕೊಂಡೇ ಮಾಡಿದ್ದು. ಅದನ್ನು ಮರೆಯಬೇಡಿ.

ರಕ್ತಕ್ಕೆ ಹೃದಯ ಇದೆ, ಲಿಂಫಿಗೆ ಅಂಥದ್ದೊಂದು ಪಂಪ್ ಇಲ್ಲ. ಅದರ ಸಣ್ಣ ಕೊಳವೆಗಳು ತಾವೇ ಸ್ವಲ್ಪ ಹಿಂಡುತ್ತವೆ, ಉಳಿದದ್ದನ್ನು ಸ್ನಾಯು ಬಿಗಿದು ಬಿಟ್ಟಾಗ, ಉಸಿರು ಆಳಕ್ಕೆ ಎಳೆದಾಗ ಆಗುವ ಒತ್ತಡ ಮುಂದೆ ತಳ್ಳುತ್ತದೆ. ನೋಡ್ ತೆಗೆದಾಗ ದಾರಿ ಕಡಿಮೆಯಾಗುತ್ತದೆ, ರೇಡಿಯೇಶನ್ ಇನ್ನಷ್ಟು ಬಿಗಿ ಮಾಡುತ್ತದೆ. ಆದ್ದರಿಂದ ಮೊದಲು ಆಳವಾದ ಉಸಿರು, ಆಮೇಲೆ ಭುಜ, ಮುಷ್ಟಿ ಬಿಗಿದು ಬಿಡುವುದು. ಅವಸರ ಬೇಡ.

ಸ್ಲೀವ್ ತಂದಿದ್ದೀರಾ? ಬಾವು ಜಾಸ್ತಿ ಇದ್ದರೆ ಮೊದಲು ಕೆಲವು ವಾರ ಪದರ ಪದರವಾಗಿ ಬ್ಯಾಂಡೇಜ್ ಕಟ್ಟಿ ಇಳಿಸಬೇಕು. ಸ್ಲೀವಿಗೆ ಅಳತೆ ಕೊಡುವುದು ಅದಾದ ಮೇಲೆ. ಊದಿದ ಕೈಗೆ ಅಳತೆ ತೆಗೆದು ಹೊಲಿಸಿದರೆ ಆಮೇಲೆ ಸಡಿಲ ಆಗಿ ದುಡ್ಡು ದಂಡ.

ಉಪ್ಪಳ ಕಾಕ
ಇಷ್ಟೆಲ್ಲ ಯಾಕೆ? ನೀರು ಇಳಿಯುವ ಮಾತ್ರೆ ಇದೆಯಲ್ಲ. ನನ್ನ ಕಾಲು ಬಾವು ಅದರಲ್ಲೇ ಇಳಿದದ್ದು.

ಮಂಜೇಶ್ವರ ಫಿಸಿಯೋ
ಕಾಕಾ, ನಿಮ್ಮ ಕಾಲಿನ ಬಾವು ಬೇರೆ, ಇದು ಬೇರೆ. ಇಲ್ಲಿ ನಿಲ್ಲುವುದು ಬರೀ ನೀರಲ್ಲ, ಅದರ ಜೊತೆ ಪ್ರೋಟೀನೂ ಇದೆ. ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರು ಸೇರಿಸುತ್ತದೆ. ಲಿಂಫೆಡೀಮಾಕ್ಕೆ ಅಂತ ಆ ಮಾತ್ರೆ ಕೊಡುವುದಿಲ್ಲ.

ನೀರ್ಚಾಲು ಟು ಬೆಂಗಳೂರು
ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್. ಕ್ಯಾಮೆರಾ ಏನು ನೋಡುತ್ತದೆ ಅಂತ ಮಾತ್ರ ಹೇಳುತ್ತೇನೆ. ಇಂಥ ಆ್ಯಪ್‌ಗಳು ಚಿತ್ರದಲ್ಲಿ ಭುಜ, ಮೊಣಕೈ, ಮಣಿಕಟ್ಟು ಎಲ್ಲಿದೆ ಅಂತ ಚುಕ್ಕಿ ಗುರುತು ಮಾಡಿ, ಆ ಚುಕ್ಕಿಗಳ ನಡುವಿನ ಕೋನ ಲೆಕ್ಕ ಹಾಕುತ್ತವೆ. ಗೂಗಲ್‌ನ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಮೈಮೇಲೆ 33 ಚುಕ್ಕಿ ಗುರುತಿಸುತ್ತದೆ, ಅದೂ ಸಾಮಾನ್ಯ ಫೋನಿನಲ್ಲೇ. ಹಿಂದೆ ಇದಕ್ಕೆ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಅನ್ನುವ ಕ್ಯಾಮೆರಾ ಸಾಧನ ಬೇಕಿತ್ತು. ಆಟಕ್ಕೆ ಅಂತ 2010ರಲ್ಲಿ ಬಂದ ಆ ಸಾಧನವನ್ನು ನ್ಯೂಯಾರ್ಕಿನಲ್ಲಿ ಮೇ ಫೂ ಅನ್ನುವ ನರ್ಸಿಂಗ್ ಸಂಶೋಧಕಿಯ ತಂಡ ಇದೇ ಲಿಂಫ್ ವ್ಯಾಯಾಮ ಕಲಿಸಲು ಬಳಸಿತ್ತು, ಅಂದರೆ ಇದು ಸುಮ್ನೆ ಯಾರೋ ಹುಟ್ಟಿಸಿದ ಐಡಿಯಾ ಅಲ್ಲ.

ಮಿತಿ ಇದೆ. ಕೈ ಎಷ್ಟು ಎತ್ತಿದರು ಅಂತ ಗೊತ್ತಾಗುತ್ತದೆ, ಮುಷ್ಟಿ ಎಷ್ಟು ಗಟ್ಟಿ ಬಿಗಿದರು ಅಂತ ಗೊತ್ತಾಗುವುದಿಲ್ಲ. ಸಡಿಲ ನೈಟಿ, ಹೊದ್ದ ಸೆರಗು ಇದ್ದರೆ ಭುಜದ ಚುಕ್ಕಿ ಎಲ್ಲೆಲ್ಲೋ ಹೋಗುತ್ತದೆ, ಆಗ ಅಮ್ಮ ಸರಿ ಮಾಡಿದರೂ ಆ್ಯಪ್ ತಪ್ಪು ಅನ್ನುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಬೆಳಕು ಎದುರಿನಿಂದ ಬರಲಿ. ವಿಡಿಯೋ ಫೋನಿನಲ್ಲೇ ಉಳಿಯುತ್ತದಾ, ಬೇರೆ ಎಲ್ಲಿಗಾದರೂ ಹೋಗುತ್ತದಾ ಅಂತ ಫಿಸಿಯೋ ಹತ್ತಿರ ಕೇಳಿ. ಮನೆಯೊಳಗಿನ ವಿಷಯ ಅಲ್ವಾ.

ಮುಳ್ಳೇರಿಯಾ ಅಕ್ಕ
ನನಗೂ ಇದೇ ಕಾಯಿಲೆ, ಬಲಗೈ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗುವ ಹಾಗಿರಲಿಲ್ಲ, ಆಗ ಫೋನೇ ಗತಿಯಾಗಿತ್ತು. ಹಾಗಾಗಿ ಆ್ಯಪ್ ಬೇಡ ಅನ್ನುವವಳಲ್ಲ ನಾನು. ಆದರೆ ಕೈ ಕಲ್ಲಿನ ಹಾಗೆ ಭಾರ ಆಗಿರುವ ದಿನವೂ ಅದು "ಬಹಳ ಚೆನ್ನಾಗಿದೆ, ಇನ್ನೂ ಐದು ಸಲ" ಅನ್ನುತ್ತದೆ ನೋಡಿ, ಅದಕ್ಕೆ ಸಿಟ್ಟು ಬರುತ್ತದೆ. ಬಾವು ಅದಕ್ಕೆ ಕಾಣುವುದಿಲ್ಲ. ಟೇಪ್ ಹಿಡಿದು ನಾವೇ ಅಳೆಯಬೇಕು. ಮಣಿಕಟ್ಟು, ಅದರ ಮೇಲೆ ಗುರುತು ಹಾಕಿದ ಅದದೇ ಜಾಗಗಳು, ಎರಡೂ ಕೈ, ದಿನದ ಅದೇ ಹೊತ್ತು. ಅದೇ ಜಾಗದಲ್ಲಿ ಎರಡು ಕೈಗಳ ನಡುವೆ 2 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತೋರಿಸಲು ಹೇಳಿದ್ದಾರೆ.

ವ್ಯಾಯಾಮಕ್ಕಿಂತ ಮೊದಲು ಚರ್ಮ ನೋಡಿಕೊಳ್ಳಿ. ನಮ್ಮ ಕಡೆ ಸೊಳ್ಳೆ, ಮುಳ್ಳು, ಕತ್ತಿಯ ಗೀರು ಎಲ್ಲ ದಿನಾ ಇದ್ದದ್ದೇ. ಮಳೆಗಾಲದಲ್ಲಿ ಸ್ಲೀವಿನ ಒಳಗೆ ಬೆವರು ನಿಂತು ತುರಿ ಬರುತ್ತದೆ, ಎರಡು ಸ್ಲೀವ್ ಇದ್ದರೆ ಒಗೆದು ಒಣಗಿಸಲಿಕ್ಕೆ ಆಗುತ್ತದೆ. ಕೈ ಕೆಂಪಾಗಿ ಬಿಸಿ ಆಗಿ ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಿ, ಆ್ಯಂಟಿಬಯೋಟಿಕ್ ತಡ ಆಗಬಾರದು.

ಇನ್ನೊಂದು, ನಮ್ಮ ಕಾಸರಗೋಡಿನ ಉಳಿಯತ್ತಡ್ಕದಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೆ. ಆನೆಕಾಲಿನ ಬಾವಿಗೆ ಯೋಗ, ಆಯುರ್ವೇದ, ಬ್ಯಾಂಡೇಜ್ ಸೇರಿಸಿ ಚಿಕಿತ್ಸೆ ಕೊಡುವುದಕ್ಕೆ ಹೆಸರಾದದ್ದು. ಆನೆಕಾಲೂ ಲಿಂಫ್ ನಿಂತು ಬರುವ ಬಾವೇ. ಹೊರಗಿನವರು ಹುಡುಕಿಕೊಂಡು ಬರುತ್ತಾರೆ, ನಾವು ಬಸ್ಸಿನಲ್ಲಿ ಅದರ ಮುಂದೆಯೇ ಹೋಗಿ ಮಂಗಳೂರಿಗೆ ರೈಲು ಹತ್ತುತ್ತೇವೆ. ಒಮ್ಮೆ ವಿಚಾರಿಸಿ.

ಬದಿಯಡ್ಕದವ
ಎಲ್ಲರಿಗೂ ಥ್ಯಾಂಕ್ಸ್. ಸ್ಲೀವ್ ಇನ್ನೂ ಇಲ್ಲ, ಬ್ಯಾಂಡೇಜ್ ವಿಷಯ ಈ ವಾರವೇ ಕೇಳುತ್ತೇನೆ. ತೊಂದರೆ ಏನೆಂದರೆ ಆ್ಯಪ್ ಮಾತಾಡುವುದು ಇಂಗ್ಲಿಷ್, ಕೈಗೆ ಕೊಟ್ಟ ಚೀಟಿ ಮಲಯಾಳ. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಮತ್ತೆ ಅವರು ಕೇಳುತ್ತಿದ್ದಾರೆ, ಅಡಿಕೆ ಸುಲಿಯಬಹುದಾ ಅಂತ.

ನೀರ್ಚಾಲು ಟು ಬೆಂಗಳೂರು
ಆ್ಯಪ್‌ನ ಧ್ವನಿ ಬಂದ್ ಮಾಡಿ. ಫಿಸಿಯೋ ಹೇಳುವುದನ್ನು ನೀವೇ ಕನ್ನಡದಲ್ಲಿ ನಿಧಾನಕ್ಕೆ ಹೇಳಿ ವಾಟ್ಸಾಪ್ ವಾಯ್ಸ್ ಮಾಡಿ ಕೊಡಿ, "ಉಸಿರು ಎಳಿ, ಬಿಗಿ, ಬಿಡು" ಅಂತ. ಅದಕ್ಕೆ ನೆಟ್‌ವರ್ಕೂ ಬೇಡ.

ಮಂಜೇಶ್ವರ ಫಿಸಿಯೋ
ವಾಯ್ಸ್ ಮಾಡಿದರೆ ಇಲ್ಲಿಯೂ ಹಾಕಿ, ನನ್ನ ಪೇಶೆಂಟುಗಳಿಗೂ ಬೇಕು. ಅಡಿಕೆ ವಿಷಯ: ಈಗಲೇ ಬೇಡ. ಸುಲಿಯುವಾಗ ಕೈ ಒಂದೇ ಸಮನೆ ಗಂಟೆಗಟ್ಟಲೆ ಓಡುತ್ತದೆ, ನಡುವೆ ವಿಶ್ರಾಂತಿ ಇಲ್ಲ, ಮೇಲೆ ಕತ್ತಿ ತಾಗುವ ಭಯ. ಬಾವು ಇಳಿದು ಸ್ಲೀವ್ ಬಂದ ಮೇಲೆ ಸ್ವಲ್ಪ ಹೊತ್ತು ಸುಲಿದು ನೋಡಲಿ, ಸಂಜೆ ಟೇಪ್ ಹಿಡಿಯಿರಿ, ಮರುದಿನ ಬೆಳಿಗ್ಗೆಯೂ ಹಿಡಿಯಿರಿ. ಏರದಿದ್ದರೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಬಹುದು. ಗ್ಲೌಸ್ ಹಾಕಿಸಿ.