ಲೂಕ್ ಓಕಾನರ್ ಬಗ್ಗೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಐರ್ಲೆಂಡಿನ ಲೂಕ್ ಓಕಾನರ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯಲು ಕೂತಿದ್ದೇನೆ. ಸಾದಾ ಸಿಪಾಯಿಯಾಗಿ ಬ್ರಿಟಿಷ್ ಸೈನ್ಯ ಸೇರಿ ಮೇಜರ್ ಜನರಲ್ ಆದವರು, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಎರಡು ಸಲ ಬರೆದೆ, ಎರಡೂ ಸಲ ಬರೀ ಹೊಗಳಿಕೆ ಆಗಿಬಿಟ್ಟಿತು. ಇಂಥದ್ದು ಬರೆದ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ನನಗೂ ಹೀಗೇ ಆಗಿತ್ತು. ಕೈಯಲ್ಲಿ ವಿವರ ಕಡಿಮೆ ಇದ್ದಾಗಲೇ ಹೊಗಳಿಕೆ ಜಾಸ್ತಿ ಆಗುವುದು. 1857ರ ಫೆಬ್ರವರಿ 24ರ ಲಂಡನ್ ಗೆಜೆಟ್ (ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ) ಓದಿ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓಕಾನರ್ ಬಗ್ಗೆ ಒಂದೇ ಪ್ಯಾರಾ, ಬಣ್ಣದ ಮಾತು ಒಂದೂ ಇಲ್ಲ.

1854ರ ಸೆಪ್ಟೆಂಬರ್ 20. ಕ್ರಿಮಿಯಾದ ಆಲ್ಮಾ ಯುದ್ಧ. ಬಾವುಟ ಹಿಡಿದ ಅಧಿಕಾರಿಗಳ ನಡುವೆ ಸಾರ್ಜೆಂಟ್ ಓಕಾನರ್ ನಡೆಯುತ್ತಿದ್ದಾರೆ. ರಷ್ಯನ್ನರ ಕೊತ್ತಲದ ಹತ್ತಿರ ಬಾವುಟ ಹಿಡಿದಿದ್ದ ಲೆಫ್ಟಿನೆಂಟ್ ಆನ್‌ಸ್ಟ್ರೂದರ್‌ಗೆ ಗುಂಡು ಬಿತ್ತು, ಉಳಿಯಲಿಲ್ಲ. ಅದೇ ಹೊತ್ತಿಗೆ ಓಕಾನರ್ ಎದೆಗೂ ಗುಂಡು. ನೆಲಕ್ಕೆ ಬಿದ್ದವರು ಎದ್ದು ಬಾವುಟ ಎತ್ತಿಕೊಂಡರು. ಬಾವುಟ ಕೊಟ್ಟು ಹಿಂದಕ್ಕೆ ಹೋಗು ಅಂತ ಕ್ಯಾಪ್ಟನ್ ಗ್ರಾನ್‌ವಿಲ್ ಒತ್ತಾಯಿಸಿದರೂ ಕೊಡಲಿಲ್ಲ. ಯುದ್ಧ ಮುಗಿಯುವವರೆಗೂ ಹೊತ್ತರು.

ಬಾವುಟಕ್ಕೆ ಅಷ್ಟು ಬೆಲೆ ಯಾಕೆ ಅನ್ನುವುದನ್ನು ಖಂಡಿತ ಬರೆಯಿರಿ. ಮದ್ದಿನ ಹೊಗೆಯಲ್ಲಿ ಪಕ್ಕದವನ ಮುಖ ಕಾಣದಿರುವಾಗ ತಮ್ಮವರು ಎಲ್ಲಿದ್ದಾರೆ ಅಂತ ತಿಳಿಯುತ್ತಿದ್ದದ್ದು ಅದರಿಂದಲೇ. ಶತ್ರುಗಳ ಕಣ್ಣೂ ಅದರ ಮೇಲೇ. ಇಷ್ಟು ಹೇಳಿದರೆ ಸಾಕು, ಧೈರ್ಯಶಾಲಿ ಅಂತ ಬೇರೆ ಬರೆಯಬೇಕಾಗಿಲ್ಲ.

ಉತ್ತರ 2: ಬಾಲ್ಯ ಬಿಡಬೇಡಿ. ಹುಟ್ಟಿದ್ದು ರಾಸ್‌ಕಾಮನ್ ಜಿಲ್ಲೆಯ ಎಲ್ಫಿನ್ ಹತ್ತಿರ. ಗೇಣಿ ಜಮೀನಿಂದ ಎಬ್ಬಿಸಿದ ಮೇಲೆ ಮನೆಮಂದಿ ಕೆನಡಾಕ್ಕೆ ಹಡಗು ಹತ್ತಿದರು. ಅಪ್ಪ ಸಮುದ್ರದಲ್ಲೇ ತೀರಿಕೊಂಡರು. ಅಮ್ಮ ಕೆನಡಾದ ಗ್ರೋಸ್ ಈಲ್ ದ್ವೀಪದಲ್ಲಿ. ಹಡಗಿನಲ್ಲಿ ಬಂದವರನ್ನು ರೋಗದ ಭಯಕ್ಕೆ ತಡೆದು ಇಡುತ್ತಿದ್ದ ಜಾಗ ಅದು. ಹುಡುಗ ವಾಪಸ್ ಬಂದ. 1849ರಲ್ಲಿ ಬ್ರಿಟಿಷ್ ಸೈನ್ಯದ ರಾಯಲ್ ವೆಲ್ಷ್ ಫ್ಯೂಸಿಲಿಯರ್ಸ್ ಪಲ್ಟನ್ ಸೇರಿದ. ಇದನ್ನು ಓದಿದ ದಿನ ನನಗೆ ಬೇರೆ ಏನೂ ಬರೆಯಲು ಮನಸ್ಸಾಗಲಿಲ್ಲ.

ಉತ್ತರ 3: ಒಂದು ಎಚ್ಚರಿಕೆ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲಿಗ ಅಂತ ಸುಮ್ನೆ ಬರೆಯಬೇಡಿ. ಆಲ್ಮಾಗಿಂತ ಮೂರು ತಿಂಗಳು ಮುಂಚೆ, ಬಾಲ್ಟಿಕ್ ಸಮುದ್ರದಲ್ಲಿ ಮಾಡಿದ ಸಾಹಸಕ್ಕೆ ನೌಕಾಪಡೆಯ ಚಾರ್ಲ್ಸ್ ಲೂಕಸ್‌ಗೆ ಅದು ಸಿಕ್ಕಿದೆ. ಅವರೂ ಐರಿಷ್. ಅಧಿಕಾರಿಯ ಹುದ್ದೆಯ ಬಗ್ಗೆಯೂ ಹೇಳಿ. 1871ರವರೆಗೆ ಅದನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿ ಇತ್ತು. ಓಕಾನರ್‌ಗೆ ಆ ಹುದ್ದೆ ಸಿಕ್ಕಿದ್ದು ಆಲ್ಮಾದ ಕೆಲಸಕ್ಕೆ.

ಉತ್ತರ 4: ಲಕ್ನೋ ಭಾಗವನ್ನು ಎರಡು ಸಾಲಲ್ಲಿ ಮುಗಿಸಬೇಡಿ. ಕ್ರಿಮಿಯಾ ಆದಮೇಲೆ ಇದೇ ಪಲ್ಟನ್ 1857ರ ದಂಗೆ ಅಡಗಿಸಲು ಭಾರತಕ್ಕೆ ಬಂತು, ಓಕಾನರ್ ಕೂಡ ಬಂದು ಲಕ್ನೋದಲ್ಲಿ ಹೋರಾಡಿದರು. ನಮ್ಮ ಕಡೆ ಹಲಗಲಿ, ನರಗುಂದ ಎದ್ದು ನಿಂತ ದಿನಗಳೇ ಅವು. ಜಮೀನು ಕಳೆದುಕೊಂಡ ಮನೆಯ ಮಗ ಇಲ್ಲಿ ಯಾರ ಪರವಾಗಿ ಹೋರಾಡಿದ ಅನ್ನುವುದನ್ನು ಮುಚ್ಚಿಡದೆ ಬರೆಯಿರಿ. ಕನ್ನಡದ ಓದುಗರು ಅದನ್ನು ಕೇಳಿಯೇ ಕೇಳುತ್ತಾರೆ, ಅಲ್ವಾ?

ಕೇಳಿದವರು: ಎಲ್ಲರಿಗೂ ಧನ್ಯವಾದ. ಗೆಜೆಟ್ ಈಗಷ್ಟೇ ಓದಿದೆ. ಆಲ್ಮಾದ ಮಾರನೇ ವರ್ಷ ಕ್ರಿಮಿಯಾದ ಸೆವಾಸ್ತೊಪೋಲ್‌ನಲ್ಲಿ ರೆಡಾನ್ ಎಂಬ ರಷ್ಯನ್ ಕೋಟೆಯ ಮೇಲಿನ ದಾಳಿಯಲ್ಲಿ ಎರಡೂ ತೊಡೆಗೆ ಗುಂಡು ತಗುಲಿದ್ದೂ ಅದರಲ್ಲೇ ಇದೆ. ಹಡಗಿನಿಂದ ಶುರು ಮಾಡುತ್ತೇನೆ. ಲಕ್ನೋ ಭಾಗ ಬರೆದು ಇಲ್ಲಿ ಹಾಕುತ್ತೇನೆ, ಓದಿ ತಿದ್ದಿಕೊಡಿ.