ಸರ್ವರ್ ಬದಲಾಯಿಸಿದ ಮೇಲೆ ಮೇಲ್‌ನ ಫ್ರಮ್, ಡೇಟ್ ಸಾಲುಗಳು ತಪ್ಪಾಗಿ ಹೋಗುತ್ತಿವೆ

ತೊಗರಿ ಲೆಕ್ಕ, ಕಲಬುರಗಿ

ಮಾನ್ಯರೇ, ನಾನು ಇಲ್ಲಿನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತೇನೆ. ಮೇಲ್ ಕಳುಹಿಸುವ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ 2.11 ಇದ್ದ ಹಳೆಯ ಯಂತ್ರವನ್ನು ತೆಗೆದು, ಕಳೆದ ವಾರ ಡೆಬಿಯನ್ 12 ಲಿನಕ್ಸ್ ಇರುವ ಹೊಸ ಯಂತ್ರದಲ್ಲಿ 3.7 ಹಾಕಿದೆವು. ಅಂದಿನಿಂದ, ಅದೇ ಯಂತ್ರದಲ್ಲಿರುವ ಬಿಲ್ಲಿಂಗ್ ಪ್ರೋಗ್ರಾಮ್ ಕಳುಹಿಸುವ ಬಿಲ್ಲುಗಳು ಹೈದರಾಬಾದಿನ ವ್ಯಾಪಾರಿಗಳಿಗೆ ‘ಬಿಲ್@ಮಿಲ್’ ಎಂಬ ಅರ್ಧ ವಿಳಾಸದಿಂದ ತಲುಪುತ್ತಿವೆ. ಸಂಜೆ 4:30ಕ್ಕೆ ಕಳುಹಿಸಿದ್ದು ಅವರಲ್ಲಿ ರಾತ್ರಿ 10 ಗಂಟೆಯದೆಂದು ಕಾಣುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ. ಹಾಗಾದರೆ ದೋಷ ಸರ್ವರ್‌ನದೇ?

ಬೀದರ್ ಅಡ್ಮಿನ್

ದೋಷ ಪ್ರೋಗ್ರಾಮಿನದೇ, ಹಳೆಯ ಸರ್ವರ್ ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತು. ‘@’ ಗುರುತಿನ ನಂತರ ಚುಕ್ಕೆಯಿಲ್ಲದ ಹೆಸರು ಬಂದರೆ, ಅದರ ಕೊನೆಗೆ ನಿಮ್ಮ ಡೊಮೈನ್ ಸೇರಿಸುವ ‘ಅಪೆಂಡ್_ಡಾಟ್_ಮೈಡೊಮೈನ್’ ಎಂಬ ಸೆಟ್ಟಿಂಗ್ 2.11ರಲ್ಲಿ ತಾನಾಗಿಯೇ ‘ಯೆಸ್’ ಆಗಿರುತ್ತಿತ್ತು. 3.0ರಿಂದ ನಾವು ಏನೂ ಬರೆಯದಿದ್ದರೆ ಅದು ‘ನೋ’. ಹಳೆಯ ಮೇನ್.ಸಿಎಫ್ ಎಂಬ ಸೆಟ್ಟಿಂಗ್ ಕಡತವನ್ನೇ ತಂದಿದ್ದರೆ ಪೋಸ್ಟ್‌ಫಿಕ್ಸ್ ಹಳೆಯ ನಡವಳಿಕೆಯನ್ನು ಉಳಿಸಿಕೊಂಡು ಲಾಗ್‌ನಲ್ಲಿ ಎಚ್ಚರಿಸುತ್ತಿತ್ತು. ನೀವು ಹೊಸ ಕಡತದಿಂದ ಆರಂಭಿಸಿರಬೇಕು, ಅದರಲ್ಲಿ ಡೆಬಿಯನ್‌ನವರೇ ‘ನೋ’ ಎಂದು ಬರೆದಿರುತ್ತಾರೆ. ಸೆಟ್ಟಿಂಗ್‌ಗಳನ್ನು ತೋರಿಸುವ ‘ಪೋಸ್ಟ್‌ಕಾನ್ಫ್’ ಆಜ್ಞೆಯಿಂದ ಖಚಿತಪಡಿಸಿಕೊಳ್ಳಿ. ‘ಯೆಸ್’ ಮಾಡಿದರೆ ಇವತ್ತಿನ ಕೆಲಸ ನಡೆಯುತ್ತದೆ, ಆದರೆ ಪ್ರೋಗ್ರಾಮಿನಲ್ಲಿಯೇ ಪೂರ್ಣ ವಿಳಾಸ ಬರೆಯುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಯಾದಗಿರಿ ಓದುಗ

ಸಮಯದ ವಿಷಯಕ್ಕೆ ಬೇರೆ ಕಾರಣವಿದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಎಂಬುದನ್ನು ಗಮನಿಸಿ. ತಲುಪಿದ ಮೇಲ್‌ನ ಹೆಡರ್ (ಮೇಲಿನ ವಿವರದ ಸಾಲುಗಳು) ತೆರೆದು, ದಾರಿಯ ಪ್ರತಿ ಸರ್ವರ್ ಬರೆಯುವ ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಓದಿರಿ: ತೀರ ಕೆಳಗಿನದು ನಿಮ್ಮ ಸರ್ವರ್ ಬರೆದದ್ದು. ಅದರಲ್ಲಿ ‘16:30 +0530’ (ಭಾರತದ ಸಮಯವಲಯ) ಎಂದೂ ‘ಡೇಟ್’ ಸಾಲಿನಲ್ಲಿ ‘16:30 +0000’ ಎಂದೂ ಇದ್ದರೆ, ಪ್ರೋಗ್ರಾಮ್ ಗಡಿಯಾರವನ್ನು ನೋಡಿ ಗಂಟೆ ಬರೆದು, ವಲಯವನ್ನು ಮಾತ್ರ ಕಣ್ಣುಮುಚ್ಚಿ ‘+0000’ ಎಂದು ಹಾಕುತ್ತಿದೆ ಎಂದರ್ಥ. ಹಳೆಯ ಯಂತ್ರ ಯುಟಿಸಿ, ಅಂದರೆ ‘+0000’ ವಲಯದ ವಿಶ್ವ ಪ್ರಮಾಣ ಸಮಯದಲ್ಲಿ ಇದ್ದಿರಬೇಕು. ಆಗ ಆ ಸುಳ್ಳು ನಿಜವೇ ಆಗಿತ್ತು.

ತೊಗರಿ ಲೆಕ್ಕ, ಕಲಬುರಗಿ

ಇಬ್ಬರಿಗೂ ವಂದನೆಗಳು. ಎರಡೂ ಹಾಗೆಯೇ ಇದ್ದವು. ಪ್ರೋಗ್ರಾಮ್ ಬರೆದವರು ಈಗ ನಮ್ಮ ಸಂಪರ್ಕದಲ್ಲಿಲ್ಲದ ಕಾರಣ, ಕಳುಹಿಸುವವರ ವಿಳಾಸವನ್ನು ಅದರ ಸೆಟ್ಟಿಂಗ್‌ನಲ್ಲಿ ಪೂರ್ಣವಾಗಿ ತುಂಬಿ, ಯಂತ್ರದ ಸಮಯವಲಯವನ್ನು ಸದ್ಯಕ್ಕೆ ಯುಟಿಸಿಗೆ ತಿರುಗಿಸಿದ್ದೇನೆ. ಇಂದಿನ ಬಿಲ್ಲುಗಳು ಸರಿಯಾದ ವಿಳಾಸದಿಂದ, ಸರಿಯಾದ ವೇಳೆಯೊಂದಿಗೆ ತಲುಪಿವೆ.